ಬೈಸಿಕಲ್ಲಿನ ಮೇಲೆ ಮಲಪ್ರಭೆಯ ಕಣಿವೆ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ಹಿರಿಯರ ಮಾತು. ಇವೆರಡೂ ಜ್ಞಾನಾರ್ಜನೆಯ ಮಾರ್ಗಗಳೇ. ಆದರೆ ಪುಟಗಳನ್ನು ಬೇಗಬೇಗನೆ ಮಗುಚಿದ ಮಾತ್ರಕ್ಕೆ ಕೋಶವನ್ನು ಓದಿದಂತಾಗುವುದಿಲ್ಲ. ಹಾಗೆಯೇ ಊರಿಂದೂರಿಗೆ ಧಾವಿಸಿದ ಮಾತ್ರಕ್ಕೆ ದೇಶವನ್ನು ಸುತ್ತಿದಂತಾಗುವುದಿಲ್ಲ. ಯಾವ ವೇಗದಲ್ಲಿ ಸಂಚರಿಸಿದರೆ ನಾಡು ಕಣ್ಣಿಗೂ ಮನಸ್ಸಿಗೂ ನಿಲುಕುತ್ತದೆ ಎಂಬುದು ಪ್ರತಿಯೊಬ್ಬ ಪ್ರವಾಸಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಲು ಬರುವವರಲ್ಲಿ ಹಲವರು ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ಹಿಂದಿರುಗುತ್ತಾರೆ. ಬಸ್ಸು ನಿಂತಲ್ಲಿ ಇಳಿದು, ಗುಡಿಗಳನ್ನು ಸುತ್ತಿ, ಮತ್ತೆ ಬಸ್ಸನ್ನು ಏರುತ್ತಾರೆ. ಅವರಿಗೆ ಮೂರು ಮಣಿಗಳು ಕಾಣುತ್ತವೆ; ಮಣಿಗಳನ್ನು ಪೋಣಿಸಿದ ದಾರ ಕಾಣುವುದಿಲ್ಲ. ಕಾಲ್ನಡಿಗೆಯವನಿಗೆ ದಾರವೂ ಕಾಣುತ್ತದೆ, ಆದರೆ ಅವನಿಗೆ ಬಹಳ ದಿನಗಳು ಬೇಕು. ಇವರಿಬ್ಬರ ನಡುವಿನ ಹದವಾದ ವಾಹನವೆಂದರೆ ಬೈಸಿಕಲ್ಲು.

ಬೈಸಿಕಲ್ಲು ಒಬ್ಬನೇ ವ್ಯಕ್ತಿಯ ಸೃಷ್ಟಿಯಲ್ಲ. ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತನು 1817ರಲ್ಲಿ ಮರದ ಎರಡು ಚಕ್ರಗಳನ್ನು ಒಂದರ ಹಿಂದೊಂದು ಜೋಡಿಸಿ ಒಂದು ಓಡುಯಂತ್ರವನ್ನು ರಚಿಸಿದನು. ಅದಕ್ಕೆ ಪೆಡಲುಗಳಿರಲಿಲ್ಲ, ಸವಾರನು ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಹೆಚ್ಚುಕಡಿಮೆ ಸಮಗಾತ್ರದ ಚಕ್ರಗಳುಳ್ಳ, ಸರಪಳಿಯಿಂದ ಹಿಂದಿನ ಚಕ್ರವನ್ನು ತಿರುಗಿಸುವ ಬೈಸಿಕಲ್ಲನ್ನು ಹೊರತಂದನು. 1888ರಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ಪನು ಗಾಳಿ ತುಂಬಿದ ರಬ್ಬರು ಟೈರನ್ನು ಬಳಕೆಗೆ ತಂದನು. ಅಲ್ಲಿಂದ ಮುಂದೆ ದೂರದ ಪಯಣ ಸುಗಮವಾಯಿತು. 1923ರಲ್ಲಿ ಮುಂಬಯಿಯಿಂದ ಬೈಸಿಕಲ್ಲುಗಳ ಮೇಲೆ ಹೊರಟ ಪಾರ್ಸಿ ತರುಣರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ ಎಂಬ ಮೂವರು ಭೂಪ್ರದಕ್ಷಿಣೆಯನ್ನು ಪೂರೈಸಿ 1928ರಲ್ಲಿ ತಾಯ್ನಾಡಿಗೆ ಮರಳಿದರು.

ನಡೆಯುವವನು ಗಂಟೆಗೆ ಸುಮಾರು 5 ಕಿಲೋಮೀಟರು ಕ್ರಮಿಸುತ್ತಾನೆ. ಅಷ್ಟೇ ಶ್ರಮದಿಂದ ಬೈಸಿಕಲ್ಲಿನ ಸವಾರನು ಸಮತಟ್ಟಾದ ರಸ್ತೆಯಲ್ಲಿ ಸುಮಾರು 15 ಕಿಲೋಮೀಟರು ಸಾಗಬಲ್ಲನು. ಇದಕ್ಕೆ ಕಾರಣ ಸರಳವಾದುದು. ನಡೆಯುವವನು ಹೆಜ್ಜೆಹೆಜ್ಜೆಗೂ ತನ್ನ ದೇಹದ ಭಾರವನ್ನು ತುಸು ಮೇಲೆತ್ತಿ ಇಳಿಸಬೇಕು. ಬೈಸಿಕಲ್ಲಿನಲ್ಲಿ ಆ ಭಾರವನ್ನು ಆಸನವೇ ಹೊರುತ್ತದೆ. ಕಾಲಿನ ಬಲವೆಲ್ಲ ಚಕ್ರವನ್ನು ಉರುಳಿಸುವುದಕ್ಕೆ ವಿನಿಯೋಗವಾಗುತ್ತದೆ. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲುಗಳೂ ಹಿಂದಿನದಕ್ಕೆ 22 ಹಲ್ಲುಗಳೂ ಇದ್ದರೆ, ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರ ಎರಡು ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ 2.2 ಮೀಟರಾದರೆ ಒಂದೇ ತುಳಿತಕ್ಕೆ 4.4 ಮೀಟರು ದಾರಿ ಸಾಗಿದಂತಾಯಿತು.

ಆದರೆ ಈ ಅನುಕೂಲವೆಲ್ಲ ಏರು ಎದುರಾದೊಡನೆ ಕುಗ್ಗುತ್ತದೆ. ಆಗ ಸವಾರನು ತನ್ನ ಭಾರದ ಜೊತೆಗೆ ವಾಹನದ ಭಾರವನ್ನೂ ಮೇಲಕ್ಕೊಯ್ಯಬೇಕು. ಆದುದರಿಂದಲೇ ಬೈಸಿಕಲ್ ಪ್ರವಾಸಿಗಳು ನದಿಯ ಕಣಿವೆಗಳನ್ನು ಅರಸುತ್ತಾರೆ. ಬೆಟ್ಟವನ್ನು ಕೊರೆದು ತಗ್ಗಿನ ದಾರಿಯನ್ನು ನದಿ ಎಂದೋ ಮಾಡಿಟ್ಟಿರುತ್ತದೆ. ಯೂರೋಪಿನ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಪಾಸೌ ಪಟ್ಟಣದಿಂದ ವಿಯೆನ್ನಾ ನಗರದವರೆಗೆ 300 ಕಿಲೋಮೀಟರಿಗೂ ಉದ್ದವಾದ ಬೈಸಿಕಲ್ ದಾರಿಯಿದೆ. ಹಿಂದೆ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಹಗ್ಗದಿಂದ ಎಳೆಯುತ್ತಿದ್ದ ಕುದುರೆಗಳ ಹಾದಿಯೇ ಅಲ್ಲಿ ಎಷ್ಟೋ ಕಡೆ ಇಂದು ಸವಾರರ ಹಾದಿಯಾಗಿದೆ. ನೀರು, ಫಲವತ್ತಾದ ಮಣ್ಣು, ಸುಗಮ ಸಂಚಾರ ಇವು ಮೂರೂ ಒಂದೆಡೆ ದೊರೆಯುವುದರಿಂದ ಪ್ರಾಚೀನ ಜನವಸತಿಗಳೂ ನದಿಗಳ ಬಳಿಯಲ್ಲಿಯೇ ಬೆಳೆದವು. ಹೀಗೆ ಸುಗಮವಾದ ದಾರಿಯನ್ನು ಅರಸಿದವನಿಗೆ ಇತಿಹಾಸವೂ ಜೊತೆಯಲ್ಲಿಯೇ ದೊರೆಯುತ್ತದೆ.

ಕನ್ನಡನಾಡಿನಲ್ಲಿ ಈ ಮಾತಿಗೆ ಮಲಪ್ರಭೆಯ ಕಣಿವೆಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಸುಮಾರು 300 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ತನ್ನ ದಾರಿಯ ಕೊನೆಯ ಭಾಗದಲ್ಲಿ ಅದು ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ಹಾಯುತ್ತದೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರು. ಅಲ್ಲಿಂದ ಐಹೊಳೆಗೆ ಸುಮಾರು 13. ಎರಡು ದಿನಗಳ ನಿಧಾನವಾದ ಸವಾರಿಗೆ ಇದು ಹೇಳಿ ಮಾಡಿಸಿದ ದೂರ.

ಬಾದಾಮಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಎರಡು ಬೆಟ್ಟಗಳು, ಅವುಗಳ ನಡುವೆ ಅಗಸ್ತ್ಯತೀರ್ಥ. ಬಂಡೆಗಳ ಮೇಲೆ ಬಿದ್ದ ಮಳೆಯೆಲ್ಲ ಜಾರಿಬಂದು ಈ ಕೆರೆಯಲ್ಲಿ ನಿಲ್ಲುತ್ತದೆ. ಕೋಟೆಗೆ ಬೆಟ್ಟ, ಕುಡಿಯಲು ಕೆರೆ, ಸಮೀಪದಲ್ಲಿಯೇ ನದಿಯ ಬಯಲು: ಇವನ್ನು ಕಂಡವರಿಗೆ ಒಂದನೆಯ ಪುಲಕೇಶಿಯು 543ರಲ್ಲಿ ಇಲ್ಲಿಯೇ ಏಕೆ ಕೋಟೆಯನ್ನು ಕಟ್ಟಿಸಿದನೆಂದು ಬೇರೆ ಹೇಳಬೇಕಾಗಿಲ್ಲ. ದಕ್ಷಿಣದ ಬೆಟ್ಟದಲ್ಲಿ ಕೊರೆದ ನಾಲ್ಕು ಗುಹಾಲಯಗಳಲ್ಲಿ ಮೂರನೆಯದು 578ರಲ್ಲಿ ಪೂರ್ಣಗೊಂಡಿತೆಂದು ಅಲ್ಲಿಯ ಶಾಸನವೇ ತಿಳಿಸುತ್ತದೆ. ಊರಿನ ಬಂಡೆಯೊಂದರ ಮೇಲಿರುವ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ಅತಿ ಪ್ರಾಚೀನ ತ್ರಿಪದಿಗಳು ಉಳಿದುಬಂದಿವೆ.

ಮುಂಜಾನೆಯ ತಂಪಿನಲ್ಲಿ ಬಾದಾಮಿಯನ್ನು ಬಿಟ್ಟು ಹೊರಟರೆ ಬಿಳಿಜೋಳ, ಸೂರ್ಯಕಾಂತಿ, ಕಬ್ಬಿನ ಹೊಲಗಳ ನಡುವೆ ದಾರಿ ಸಾಗುತ್ತದೆ. ದಾರಿಯಿಂದ ತುಸು ಒಳಕ್ಕೆ, ಗುಡ್ಡಗಳ ಮಡಿಲಿನಲ್ಲಿ ಮಹಾಕೂಟವಿದೆ. ಅಲ್ಲಿಯ ಪುಷ್ಕರಣಿಗೆ ನೆಲದೊಳಗಿನ ಒರತೆಯೇ ನೀರುಣಿಸುತ್ತದೆ. ಮರಳುಗಲ್ಲಿನ ಬಿರುಕುಗಳಲ್ಲಿ ಇಂಗಿದ ಮಳೆಯ ನೀರು ಬೆಟ್ಟದ ಬುಡದಲ್ಲಿ ಹೀಗೆ ಹೊರಹೊಮ್ಮುತ್ತದೆ. ಬಿಸಿಲಿನಲ್ಲಿ ಬೈಸಿಕಲ್ಲು ತುಳಿದು ಬಂದವನಿಗೆ ಈ ನೀರಿನ ಬೆಲೆ ತಿಳಿಯುವಂತೆ ಬೇರೆಯವರಿಗೆ ತಿಳಿಯಲಾರದು. ಗುಡಿಗಳು ಇಲ್ಲಿ ಏಕೆ ಎದ್ದವೆಂಬ ಪ್ರಶ್ನೆಗೆ ಅವನ ಬಾಯಾರಿಕೆಯೇ ಒಂದು ಉತ್ತರ.

ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. 'ಕಿಸು' ಎಂದರೆ ಕೆಂಪು, 'ಪೊಳಲ್' ಎಂದರೆ ಪಟ್ಟಣ. ಗುಡ್ಡಗಳ ಬಣ್ಣವನ್ನು ದಾರಿಯುದ್ದಕ್ಕೂ ನೋಡುತ್ತ ಬಂದವರಿಗೆ ಈ ಹೆಸರಿನ ಅರ್ಥ ತಾನಾಗಿಯೇ ಹೊಳೆಯುತ್ತದೆ. ಇಲ್ಲಿ ಮಲಪ್ರಭೆ ಉತ್ತರಾಭಿಮುಖವಾಗಿ ಹರಿಯುವುದರಿಂದ ಈ ಸ್ಥಳ ಪವಿತ್ರವೆನಿಸಿತು. ಚಾಲುಕ್ಯ ಅರಸರ ಪಟ್ಟಾಭಿಷೇಕದ ನೆಲೆಯಾಯಿತು. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣಾರ್ಥವಾಗಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯ ಇಲ್ಲಿಯ ಗುಡಿಗಳಲ್ಲಿ ದೊಡ್ಡದು. ಉತ್ತರದ ನಾಗರ ಶೈಲಿಯ ಶಿಖರಗಳೂ ದಕ್ಷಿಣದ ದ್ರಾವಿಡ ಶೈಲಿಯ ಶಿಖರಗಳೂ ಇಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ. 1987ರಲ್ಲಿ ಯುನೆಸ್ಕೋ ಸಂಸ್ಥೆಯು ಪಟ್ಟದಕಲ್ಲನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಬಸ್ಸಿನ ಯಾತ್ರಿಕರು ಇಲ್ಲಿಂದ ಹಿಂದಿರುಗುತ್ತಾರೆ. ಬೈಸಿಕಲ್ಲಿನವರು ಉತ್ತರಕ್ಕೆ ಇನ್ನೂ ಸುಮಾರು 5 ಕಿಲೋಮೀಟರು ಹೋದರೆ ಹಳೆಯ ಕಾಲದ ಕಲ್ಲುಗಣಿಯ ಬಂಡೆಗಳನ್ನು ಕಾಣಬಹುದು. ಅವುಗಳ ಮೇಲೆ ಗೆರೆಯ ಚಿತ್ರಗಳಿವೆ. ಶಿಲ್ಪಿಗಳ ಹೆಸರುಗಳೂ ಇವೆ. ಅರಸರ ಕೀರ್ತಿಯನ್ನು ಬರೆಯಲು ಕವಿಗಳಿದ್ದರು. ಕಲ್ಲು ಸೀಳಿದವರು ತಮ್ಮ ಹೆಸರುಗಳನ್ನು ತಾವೇ ಕೊರೆದಿಟ್ಟು ಹೋದರು. ಗುಡಿಯನ್ನು ಕಂಡವನು ಗಣಿಯನ್ನೂ ಕಂಡಾಗಲೇ ಆ ಗುಡಿಯ ಕಥೆ ಅವನಿಗೆ ಪೂರ್ತಿಯಾಗಿ ತಿಳಿಯುವುದು.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ದೇವಾಲಯಗಳಿವೆ. ಗುಡ್ಡದ ಮೇಲಿನ ಮೇಗುತಿ ಜಿನಾಲಯವನ್ನು 634ರಲ್ಲಿ ಕಟ್ಟಿಸಿದ ರವಿಕೀರ್ತಿಯು ಅಲ್ಲಿಯ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಸಂಸ್ಕೃತದಲ್ಲಿ ವರ್ಣಿಸಿದ್ದಾನೆ. ಅದರಲ್ಲಿ ಕಾಳಿದಾಸ, ಭಾರವಿಗಳ ಹೆಸರುಗಳು ಬಂದಿರುವುದರಿಂದ ಆ ಕವಿಗಳ ಕಾಲವನ್ನು ನಿರ್ಣಯಿಸಲು ವಿದ್ವಾಂಸರಿಗೆ ಒಂದು ಗಟ್ಟಿ ಆಧಾರ ದೊರೆಯಿತು. ದೂರದೂರದ ನಾಡುಗಳೊಡನೆ ವ್ಯಾಪಾರ ನಡೆಸಿದ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘ ಈ ಊರಿನಿಂದಲೇ ತನ್ನ ಹೆಸರನ್ನು ಪಡೆಯಿತು. ಕಾಲಾನಂತರದಲ್ಲಿ ಎಷ್ಟೋ ಗುಡಿಗಳು ಜನರ ವಾಸದ ಮನೆಗಳಾದವು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಒಮ್ಮೆ ಅಲ್ಲಿ ವಾಸವಾಗಿದ್ದ ವ್ಯಕ್ತಿಯಿಂದ. ದುರ್ಗದ ಗುಡಿಯೆಂಬ ಹೆಸರು ಬಂದದ್ದು ದೇವಿಯಿಂದಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ.

ಆದರೆ ಕಟ್ಟಲು ನೆರವಾದ ನದಿಯೇ ಕೆಲವೊಮ್ಮೆ ಕಟ್ಟಿದ್ದನ್ನು ಬಾಧಿಸುವುದೂ ಉಂಟು. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ನೀರು ನುಗ್ಗಿತು; ದಂಡೆಯ ಹಳ್ಳಿಗಳ ಜನರು ಮನೆಮಠಗಳನ್ನು ಬಿಟ್ಟು ಹೊರಡಬೇಕಾಯಿತು. ಸ್ಮಾರಕಗಳ ರಕ್ಷಣೆಯೆಂದರೆ ಬೇಲಿಯೊಳಗಿನ ಕಲ್ಲುಗಳ ರಕ್ಷಣೆ ಮಾತ್ರವಲ್ಲ. ನದಿ, ಹೊಲ, ಹಳ್ಳಿ ಇವುಗಳ ಕ್ಷೇಮವೂ ಅದರೊಳಗೆ ಅಡಕವಾಗಿದೆ. ಕಣಿವೆಯನ್ನು ಇಡಿಯಾಗಿ ಕಂಡವರಿಗೆ ಇದು ಮನದಟ್ಟಾಗುತ್ತದೆ.

ಇಂತಹ ಪ್ರವಾಸಕ್ಕೆ ಹಣಕ್ಕಿಂತ ಸಿದ್ಧತೆ ಮುಖ್ಯ. ಮಳೆ ನಿಂತು ಚಳಿ ಇಳಿಯುವ ನವೆಂಬರಿನಿಂದ ಜನವರಿಯವರೆಗಿನ ಕಾಲ ಪ್ರಶಸ್ತವಾದುದು. ಹೊರಡುವ ಮುನ್ನ ಬ್ರೇಕು, ಸರಪಳಿ, ಟೈರುಗಳನ್ನು ಪರೀಕ್ಷಿಸಬೇಕು. ಗಾಳಿ ಹಾಕುವ ಪಂಪು, ಪಂಕ್ಚರ್ ತಿದ್ದುವ ಸಾಮಾನು, ಒಂದೆರಡು ಸ್ಪ್ಯಾನರುಗಳು, ಕುಡಿಯುವ ನೀರು ಜೊತೆಯಲ್ಲಿರಲೇಬೇಕು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎದುರಾದಾಗ ರಸ್ತೆಯ ಅಂಚಿಗೆ ಸರಿದು ನಿಲ್ಲುವುದು ಕ್ಷೇಮ. ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವನ ವೇಗವೇ ತಂಡದ ವೇಗವಾಗಬೇಕು. ಗೋಡೆಗಳ ಮೇಲೆ ಹೆಸರು ಕೆತ್ತುವುದು, ವಿಗ್ರಹಗಳ ಮೇಲೆ ಹತ್ತುವುದು ಸಲ್ಲದು. ಸಾವಿರದ ಮುನ್ನೂರು ವರ್ಷ ಬಾಳಿದ ಕಲ್ಲು ಒಂದು ಮೊಳೆಯ ಗೀರಿಗೆ ಎದುರಾಡಲಾರದು.

ಎರಡನೆಯ ದಿನದ ಸಂಜೆ ಸವಾರರು ಬಾದಾಮಿಯ ಕಡೆಗೆ ಮರಳುವಾಗ ಕಾಲುಗಳು ದಣಿದಿರುತ್ತವೆ, ಬಟ್ಟೆಗಳು ಕೆಂಪು ಧೂಳಿನಿಂದ ತುಂಬಿರುತ್ತವೆ. ಗುಡಿಗಳನ್ನು ಕಟ್ಟಿದ ಕಲ್ಲೇ ಸವೆದು ಈ ಧೂಳಾಗಿದೆ. ಪಾಠದ ಪುಸ್ತಕದಲ್ಲಿ ಬೇರೆಬೇರೆಯಾಗಿ ಓದಿದ ಭೂಗೋಳವೂ ಇತಿಹಾಸವೂ ಭಾಷೆಯೂ ಆ ಒಂದೇ ದಾರಿಯ ಮೇಲೆ ಅವರಿಗೆ ಒಟ್ಟಿಗೆ ಎದುರಾಗಿರುತ್ತವೆ. ದೇಶವನ್ನು ಸುತ್ತುವುದೂ ಕೋಶವನ್ನು ಓದುವುದೂ ಬೇರೆಯಲ್ಲವೆಂಬುದನ್ನು ಅವರು ತಮ್ಮ ಕಾಲುಗಳಿಂದಲೇ ಕಲಿತಿರುತ್ತಾರೆ.