ಕಡಲಾಚೆಯ ಆಸ್ತಿಗೆ ಊರಲ್ಲಿರುವ ವಾರಸುದಾರರು

1948ರ ಸೆಪ್ಟೆಂಬರ್ 20. ಹೈದರಾಬಾದ್ ಸಂಸ್ಥಾನದ ಸೇನೆ ಭಾರತಕ್ಕೆ ಶರಣಾಗಿ ಇನ್ನೂ ವಾರವೂ ಕಳೆದಿರಲಿಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿದ್ದ ನಿಜಾಮರ 10,07,940 ಪೌಂಡ್ 9 ಶಿಲ್ಲಿಂಗ್ ಅಂದು ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹಿಮ್ತುಲಾ ಅವರ ಖಾತೆಗೆ ಜಮೆಯಾಯಿತು. ಒಂದೇ ವಾರದಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹಣ ವಾಪಸ್ ಕೇಳಿದರು. ಖಾತೆದಾರರ ಒಪ್ಪಿಗೆಯಿಲ್ಲದೆ ಕೊಡಲಾಗದು ಎಂದಿತು ಬ್ಯಾಂಕು.

ಬೀದರ್, ಕಲಬುರಗಿ, ರಾಯಚೂರು ಸೀಮೆಗಳನ್ನೂ ಆಳಿದ, ಒಂದು ಕಾಲಕ್ಕೆ ಜಗತ್ತಿನ ಅತಿ ಶ್ರೀಮಂತರ ಸಾಲಿನಲ್ಲಿದ್ದ ದೊರೆಗೆ ತನ್ನ ಹಣ ಕೊನೆಗೂ ಕೈಸೇರಲಿಲ್ಲ. ಪಾಕಿಸ್ತಾನ ಸಾರ್ವಭೌಮ ರಾಷ್ಟ್ರ, ಅದು ಒಪ್ಪದೆ ವಿಚಾರಣೆ ನಡೆಸುವಂತಿಲ್ಲ ಎಂದು 1957ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ನಿಜಾಮರ ದಾವೆಗೆ ತಡೆ ಹಾಕಿತು. 1967ರಲ್ಲಿ ನಿಜಾಮರು ತೀರಿಕೊಂಡರು. 2013ರಲ್ಲಿ ಪಾಕಿಸ್ತಾನವೇ ಕೋರ್ಟು ಮೆಟ್ಟಿಲೇರಿದಾಗ ಆ ರಕ್ಷಣೆ ಕಳಚಿತು. ಆ ಹಣ ನಿಜಾಮರದ್ದೇ, ಅವರ ಮೂಲಕ ಹಕ್ಕು ಕೇಳುತ್ತಿರುವ ಭಾರತ ಸರ್ಕಾರ ಮತ್ತು ಇಬ್ಬರು ಮೊಮ್ಮಕ್ಕಳಿಗೆ ಸೇರಬೇಕು ಎಂದು ಲಂಡನ್ನಿನ ಹೈಕೋರ್ಟಿನ ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ 2019ರ ಅಕ್ಟೋಬರ್ 2ರಂದು ತೀರ್ಪಿತ್ತರು. ಅಷ್ಟರಲ್ಲಿ ಆ ಮೊತ್ತ ಸುಮಾರು 3.5 ಕೋಟಿ ಪೌಂಡಿಗೆ ಬೆಳೆದಿತ್ತು. 1948ರಲ್ಲಿ ಹುಡುಗರಾಗಿದ್ದ ಮೊಮ್ಮಕ್ಕಳು ತೀರ್ಪಿನ ಹೊತ್ತಿಗೆ ಎಂಬತ್ತು ಮುಟ್ಟಿದ ಹಿರಿಯರು. ಅದಾದ ಮೇಲೂ ವಂಶದ ಇತರರು ಪಾಲು ಕೇಳಿ ಕೋರ್ಟಿಗೆ ಹೋದರು.

ರಾಜರ ತಕರಾರು ದೊಡ್ಡದು, ಅದರಲ್ಲಿ ಎರಡು ದೇಶಗಳ ರಾಜಕಾರಣವೂ ಬೆರೆತಿತ್ತು. ಆದರೆ ದುಬೈಯಲ್ಲಿ ಫ್ಲ್ಯಾಟ್ ಕೊಂಡ ಉಡುಪಿಯ ದಂಪತಿ, ನ್ಯೂಜೆರ್ಸಿಯಲ್ಲಿ ಮನೆ ಮಾಡಿದ ಮಂಡ್ಯದ ಎಂಜಿನಿಯರ್, ಬೆಂಗಳೂರಿನಲ್ಲೇ ಕುಳಿತು ಅಮೆರಿಕದ ಷೇರು ಗಳಿಸಿದ ಉದ್ಯೋಗಿ, ಇವರೆಲ್ಲರ ಮನೆಯವರ ಮುಂದೆಯೂ ಒಂದಲ್ಲ ಒಂದು ದಿನ ಅದೇ ಪ್ರಶ್ನೆ ಬಂದು ನಿಲ್ಲುತ್ತದೆ. ಆಸ್ತಿ ಅಲ್ಲಿದೆ, ವಾರಸುದಾರರು ಇಲ್ಲಿದ್ದಾರೆ. ಯಾವ ದೇಶದ ಕಾನೂನು?

ಭೂಮಿ, ಮನೆಗಳ ವಿಷಯದಲ್ಲಿ ಉತ್ತರ ಬಹುಮಟ್ಟಿಗೆ ಸರಳ: ಆಸ್ತಿ ಎಲ್ಲಿದೆಯೋ ಅಲ್ಲಿನ ಕಾನೂನು. ನಮ್ಮ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 5ನೇ ಸೆಕ್ಷನ್ ಕೂಡ ಇದೇ ತತ್ವದ ಮೇಲೆ ನಿಂತಿದೆ. ಆದರೆ ದೇಶದಿಂದ ದೇಶಕ್ಕೆ ಕಾನೂನಿನ ಮನಸ್ಸೇ ಬೇರೆ. ಫ್ರಾನ್ಸಿನಲ್ಲಿ ಮಕ್ಕಳನ್ನು ಉಯಿಲಿನಿಂದ ಪೂರ್ತಿ ಹೊರಗಿಡಲು ಸಾಮಾನ್ಯವಾಗಿ ಆಗದು. ಇಬ್ಬರು ಮಕ್ಕಳಿದ್ದರೆ ಆಸ್ತಿಯ ಮೂರರಲ್ಲಿ ಎರಡು ಪಾಲು ಅವರಿಗೆ ಮೀಸಲು. ಇಂಗ್ಲೆಂಡಿನಲ್ಲಿ ಉಯಿಲು ಬರೆಯುವವರಿಗೆ ಹೆಚ್ಚು ಸ್ವಾತಂತ್ರ್ಯವಿದೆ, ಆದರೆ ವಿನಾಯಿತಿಗಳನ್ನು ಬಿಟ್ಟರೆ 3,25,000 ಪೌಂಡ್ ಮೀರಿದ ಆಸ್ತಿಗೆ ಶೇ 40 ಉತ್ತರಾಧಿಕಾರ ತೆರಿಗೆ.

ಕರ್ನಾಟಕದ ಮಟ್ಟಿಗೆ ಇಂದು ತುರ್ತಾಗಿ ಮಾತಾಡಬೇಕಿರುವುದು ಅಮೆರಿಕದ ಷೇರುಗಳ ಬಗ್ಗೆ. ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಯ ಕಂಪನಿಗಳಲ್ಲಿ ದುಡಿಯುವ ಎಷ್ಟೋ ಮಂದಿಗೆ ಸಂಬಳದ ಜೊತೆ ಅಮೆರಿಕದ ಮಾತೃಸಂಸ್ಥೆಯ ಷೇರು ಸಿಗುತ್ತದೆ. ಅಮೆರಿಕದ ನೆಲವನ್ನೇ ತುಳಿಯದವರೂ ಅಲ್ಲಿನ ಕಾನೂನಿನ ಕಣ್ಣಲ್ಲಿ ಆಗ ಅಲ್ಲಿನ ಆಸ್ತಿವಂತರು. ಅಮೆರಿಕದ ಪ್ರಜೆಗೆ 2025ರಲ್ಲಿ 1.399 ಕೋಟಿ ಡಾಲರ್‌ವರೆಗಿನ ಆಸ್ತಿಗೆ ಮರಣೋತ್ತರ ತೆರಿಗೆಯಿಂದ ವಿನಾಯಿತಿ ಇತ್ತು. ಪ್ರಜೆಯಲ್ಲದ, ಅಲ್ಲಿ ನೆಲೆಸದ ವ್ಯಕ್ತಿಗೆ ಇರುವ ವಿನಾಯಿತಿ ಬರೀ 60,000 ಡಾಲರ್. ಅದಕ್ಕಿಂತ ಹೆಚ್ಚಿದ್ದರೆ ತೆರಿಗೆ ದರ ಮೇಲೇರುತ್ತ ಶೇ 40ರವರೆಗೂ ಹೋಗುತ್ತದೆ. 2 ಲಕ್ಷ ಡಾಲರ್ ಬೆಲೆಯ ಷೇರು ಬಿಟ್ಟು ಒಬ್ಬರು ತೀರಿಕೊಂಡರೆ, ಬೇರೆ ಕಡಿತಗಳಿಲ್ಲದಿದ್ದಲ್ಲಿ, ಕುಟುಂಬ ಕಟ್ಟಬೇಕಾದದ್ದು 41,800 ಡಾಲರ್. ಈ ತೆರಿಗೆಯ ಬಗ್ಗೆ ಭಾರತಕ್ಕೂ ಅಮೆರಿಕಕ್ಕೂ ಒಪ್ಪಂದವಿಲ್ಲ. ಲೆಕ್ಕಪತ್ರ ಸಲ್ಲಿಸಲು ಸಾವಿನ ದಿನದಿಂದ ಒಂಬತ್ತು ತಿಂಗಳ ಗಡುವು. ಅಲ್ಲಿನ ತೆರಿಗೆ ಇಲಾಖೆಯ ವರ್ಗಾವಣೆ ಪ್ರಮಾಣಪತ್ರ ತೋರಿಸದೆ ಷೇರು ಬಿಟ್ಟುಕೊಡಲು ಬ್ರೋಕರ್ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮನೆಯ ಯಜಮಾನ ತೀರಿಕೊಂಡ ಮೊದಲ ಒಂಬತ್ತು ತಿಂಗಳು ಹೆಂಡತಿ ಮಕ್ಕಳು ಯಾವ ಸ್ಥಿತಿಯಲ್ಲಿರುತ್ತಾರೆ ಎಂಬುದನ್ನು ಯೋಚಿಸಬೇಕು. ಆ ಷೇರು ಖಾತೆ ಇದೆ ಎಂಬುದೇ ಅವರಿಗೆ ಗೊತ್ತಿಲ್ಲದಿದ್ದರೆ? ಷೇರು ಕೈಗೆ ಬಂದ ದಿನವೇ ಉದ್ಯೋಗಿಗೆ ಈ ತೆರಿಗೆಯ ನಿಯಮಗಳನ್ನು ತಿಳಿಸಿ ಹೇಳುವುದು ಅದನ್ನು ಕೊಡುವ ಕಂಪನಿಯ ಹೊಣೆಯಾಗಬೇಕು.

ಕೊಲ್ಲಿ ದೇಶಗಳ ಕಥೆ ಬೇರೆ. ಕರಾವಳಿಯ ಮನೆಮನೆಗೂ ನಂಟಿರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಉಯಿಲಿಲ್ಲದೆ ಸತ್ತವರ ಆಸ್ತಿಗೆ ಷರಿಯತ್ ಪಾಲು ಅನ್ವಯವಾದೀತು ಎಂಬ ಆತಂಕ ಮುಸ್ಲಿಮೇತರರಲ್ಲಿ ಬಹುಕಾಲ ಇತ್ತು. 2015ರಲ್ಲಿ ದುಬೈನ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದಲ್ಲಿ ಮುಸ್ಲಿಮೇತರರಿಗಾಗಿ ಉಯಿಲು ನೋಂದಣಿ ಆರಂಭವಾಯಿತು. 2023ರ ಫೆಬ್ರವರಿ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ, ಉಯಿಲು ಇಲ್ಲದಿದ್ದರೆ ಅರ್ಧ ಆಸ್ತಿ ಸಂಗಾತಿಗೆ, ಉಳಿದರ್ಧ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಹಾಗಿದ್ದರೂ ಊರಿನಲ್ಲಿರುವ ಮುಪ್ಪಿನ ತಾಯಿಗೂ ಒಂದು ಪಾಲು ಇರಲಿ ಎಂದು ಬಯಸುವವರು ಅದನ್ನು ಉಯಿಲಿನಲ್ಲಿ ಬರೆಯಲೇಬೇಕು. ಮಕ್ಕಳಿದ್ದಾಗ ಆ ಕಾನೂನಿನ ಲೆಕ್ಕದಲ್ಲಿ ತಾಯಿ ಬರುವುದಿಲ್ಲ.

ಕಾನೂನು ಅರ್ಥವಾದ ಮೇಲೂ ಕಾಗದದ ಕಾಟ ತಪ್ಪದು. ವಿದೇಶಿ ಬ್ಯಾಂಕು ಕೇಳುವುದು ಮರಣ ಪತ್ರ, ವಾರಸುದಾರರ ಪುರಾವೆ, ಗುರುತಿನ ಚೀಟಿ. ನಾಡಕಚೇರಿಯಲ್ಲಿ ಪಡೆದ ವಂಶವೃಕ್ಷ ಕನ್ನಡದಲ್ಲಿರುತ್ತದೆ; ಅದರ ಪ್ರಮಾಣಿತ ಅನುವಾದ ಬೇಕು, ಅದರ ಮೇಲೆ ವಿದೇಶದಲ್ಲಿ ಮಾನ್ಯವಾಗಲು ಹಾಕುವ ಅಪೊಸ್ಟಿಲ್ ಮುದ್ರೆ ಬೇಕು. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ. ಒಪ್ಪಂದಕ್ಕೆ ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ದೃಢೀಕರಣಕ್ಕೆ ಅಲೆಯಬೇಕು. ಎಲ್ಲಕ್ಕಿಂತ ಹೆಚ್ಚು ಕಾಡುವುದು ನಮ್ಮ ಇನಿಷಿಯಲ್‌ಗಳು. ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತಾರ, ವಿದೇಶಿ ಖಾತೆಯಲ್ಲಿ ಅಪ್ಪನ ಹೆಸರೇ ಮನೆತನದ ಹೆಸರು. ಮೂರೂ ಒಬ್ಬರೇ ಎಂದು ಅಲ್ಲಿನ ಗುಮಾಸ್ತರನ್ನು ಒಪ್ಪಿಸಲು ವಿಧವೆಯೊಬ್ಬಳು ಪ್ರಮಾಣಪತ್ರದ ಮೇಲೆ ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ.

ಇತ್ತ ಭಾರತದ ಕಾನೂನು ಈ ವಿಷಯದಲ್ಲಿ ಮೃದುವಾಗಿದೆ. ಸತ್ತವರ ಆಸ್ತಿಯ ಮೇಲಿನ ತೆರಿಗೆ, ಅಂದರೆ ಎಸ್ಟೇಟ್ ಡ್ಯೂಟಿ, 1985ರಲ್ಲೇ ರದ್ದಾಯಿತು. ಪಿತ್ರಾರ್ಜಿತವಾಗಿ ಬಂದದ್ದನ್ನು ಆದಾಯವೆಂದು ಎಣಿಸುವುದಿಲ್ಲ. ವಿದೇಶದಲ್ಲಿ ನೆಲೆಸಿದ್ದವರಿಂದ ಬಂದ ಅಲ್ಲಿನ ಆಸ್ತಿಯನ್ನು ಭಾರತದ ನಿವಾಸಿ ಹಾಗೆಯೇ ಉಳಿಸಿಕೊಳ್ಳಲು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) 6(4)ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಬಾಡಿಗೆಗೆ, ಮಾರಿದ ಲಾಭಕ್ಕೆ ಮಾತ್ರ ತೆರಿಗೆಯುಂಟು. ಎಡವುವುದು ಇನ್ನೊಂದು ಕಡೆ: ವರ್ಷದ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯನ್ನು ತುಂಬದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸ್ಥಿರಾಸ್ತಿ ಹೊರತಾಗಿ ವಿದೇಶಿ ಆಸ್ತಿ ಒಟ್ಟು 20 ಲಕ್ಷ ರೂಪಾಯಿ ಮೀರದವರಿಗೆ 2024ರ ಅಕ್ಟೋಬರ್‌ನಿಂದ ಈ ದಂಡದಿಂದ ವಿನಾಯಿತಿ ಸಿಕ್ಕಿದೆ. ಲಂಡನ್ನಿನಲ್ಲಿದ್ದ ಚಿಕ್ಕಪ್ಪನಿಂದ ಬಂದ ಮನೆಯಾದರೆ ಆ ವಿನಾಯಿತಿ ಇಲ್ಲ.

ಹೊರದೇಶದಲ್ಲಿ ಏನಾದರೂ ಹೊಂದಿರುವವರು ಆಯಾ ದೇಶದ ಆಸ್ತಿಗೆ ಪ್ರತ್ಯೇಕ ಉಯಿಲು ಬರೆಯಬೇಕು. ಎರಡನೆಯದು ಮೊದಲನೆಯದನ್ನು ರದ್ದುಮಾಡದಂತೆ ವಕೀಲರಿಂದ ನೋಡಿಸಿಕೊಳ್ಳಬೇಕು. ಖಾತೆ, ಷೇರು, ಮನೆಯ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಯಾರ ಕೈಗಾದರೂ ಸಿಗುವ ಜಾಗದಲ್ಲಿಡಿ, ಈ ವಾರವೇ.