ಹೊಳಲು ಬಿಟ್ಟು ಬಾರದ ಅನಂತಶಯನ

ಹೊಸಪೇಟೆ ಪಕ್ಕದ ಅನಂತಶಯನಗುಡಿಯಲ್ಲಿ ಅನಂತಶಯನನೇ ಇಲ್ಲ. ಕೃಷ್ಣದೇವರಾಯ ಮಗ ತಿರುಮಲನ ಹೆಸರಿನಲ್ಲಿ ಕಟ್ಟಿಸಿದ ಪುರದ ಗುಡಿ ಅದು; ಶಾಸನದ ಕಾಲ 1524. ಮಲಗಿದ ಮೂರ್ತಿಗೆ ಹೊಂದುವಂತೆ ಗರ್ಭಗುಡಿಯನ್ನು ಅಡ್ಡಕ್ಕೆ ಉದ್ದವಾಗಿ ಕಟ್ಟಿ, ಮೇಲೆ ಇಟ್ಟಿಗೆ ಗಾರೆಯ ಶಿಖರ ಎಬ್ಬಿಸಿದರು. ಅಲ್ಲಿ ಪವಡಿಸಬೇಕಾದ ದೇವರು ಮಾತ್ರ ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲೇ ಉಳಿದ. ಈ ಕಡೆ ಪ್ರಚಲಿತವಿರುವ ಕಥೆ ಇಷ್ಟು: ರಾಯನ ಹಿಂದೆ ಬರಲು ದೇವರು ಒಪ್ಪಿದ್ದ, ತಿರುಗಿ ನೋಡಬಾರದೆಂಬ ಷರತ್ತಿತ್ತು, ರಾಯ ಅನುಮಾನ ತಾಳಲಾರದೆ ತಿರುಗಿದ.

ಕಥೆ ಹಾಗಿರಲಿ. ಸುತ್ತಲೂ ಬಂಡೆಯೇ ತುಂಬಿದ ಹಂಪಿಯ ದೊರೆ ಮೂರ್ತಿಗಾಗಿ ಹೊಳಲಿನ ಕಡೆ ನೋಡಿದನೆಂದು ಜನ ನಂಬಿದ್ದಾರಲ್ಲ, ನನಗೆ ಸೋಜಿಗವೆನಿಸುವುದು ಅದು.

ಹಂಪಿಯ ಕಣಶಿಲೆ ಗಾತ್ರಕ್ಕೆ ಹೇಳಿ ಮಾಡಿಸಿದ್ದು. 1528ರ ಉಗ್ರನರಸಿಂಹನನ್ನು ನಿಂತಲ್ಲೇ ಒಂದೇ ಬಂಡೆಯಲ್ಲಿ ಕಡೆದರು, ಎತ್ತರ 6.7 ಮೀಟರ್. ಆದರೆ ನವುರು ಕೆಲಸಕ್ಕೆ ಆ ಕಲ್ಲು ಬಗ್ಗದು. ವಿಜಯನಗರದ ಶಿಲ್ಪಿಗಳಿಗೂ ಇದು ಗೊತ್ತಿತ್ತು. ಹಜಾರರಾಮನ ಗುಡಿಯೊಳಗಿನ, ಬೇರೆಯೇ ಕಲ್ಲಿನ ನಾಲ್ಕು ಕರಿಕಂಬಗಳನ್ನು ನೋಡಿದರೆ ಸಾಕು.

ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಉಳಿಗಳು ಐದು ಶತಮಾನ ಮೊದಲೇ ಪಳಗಿದ್ದವು. ಬಾದಾಮಿ ಚಾಲುಕ್ಯರು ಕಡೆದದ್ದು ಮರಳುಗಲ್ಲಿನಲ್ಲಿ. ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು 11ನೇ ಶತಮಾನದಲ್ಲಿ ಬಳಪದ ಕಲ್ಲಿಗೆ ಹೊರಳಿದರು. ನೆಲದಿಂದ ತೆಗೆದ ಹೊಸತರಲ್ಲಿ ಅದು ಮೆತ್ತಗೆ, ಗಾಳಿ ಬಿಸಿಲಿಗೆ ಬಿಟ್ಟಷ್ಟೂ ಗಟ್ಟಿ. ನಷ್ಟವೂ ಇತ್ತು: ಮರಳುಗಲ್ಲಿನಷ್ಟು ದೊಡ್ಡ ತುಂಡು ಸಿಗುತ್ತಿರಲಿಲ್ಲ. ಹಾಗಾಗಿ ಗುಡಿಯ ಅಂಗಾಂಗ ಕಿರಿದಾಯಿತು, ಕೆತ್ತನೆ ದಟ್ಟವಾಯಿತು. ಕಂಬಗಳನ್ನು ತಿರುಗಣೆಗೆ ಕೊಟ್ಟು ಬಳೆ ಬಳೆಯಾಗಿ ಕಡೆದರು. ಬಾಗಳಿಯ ಕಲ್ಲೇಶ್ವರನ ಕಂಬದ ಮಂಟಪ, ನೀಲಗುಂದದ ಭೀಮೇಶ್ವರ, ಹಿರೇಹಡಗಲಿಯ ಕಲ್ಲೇಶ್ವರ ಎಲ್ಲವೂ ಈ ಕಲ್ಲು ಹಿಡಿದ ದಾರಿ.

ಅದರ ತುದಿ ಕಾಣಬೇಕಾದರೆ ತುಂಗಭದ್ರೆಯ ದಡದ ಕುರುವತ್ತಿಗೆ ಹೋಗಬೇಕು. ಮಲ್ಲಿಕಾರ್ಜುನನ ಗುಡಿಯ ಮದನಿಕೆಯರು ಕಂಬಕ್ಕೆ ಅಂಟಿಕೊಂಡಿಲ್ಲ. ತಲೆಯ ಸುತ್ತ ಬಳ್ಳಿಯ ಕಮಾನು, ಆ ಬಳ್ಳಿಗೂ ಮುಖಕ್ಕೂ ನಡುವೆ ಬೆಳಕು ಹಾಯುತ್ತದೆ. ಅಷ್ಟು ಕಲ್ಲನ್ನು ಹಿಂದಿನಿಂದ ಕೊರೆದು ತೆಗೆದಿದ್ದಾರೆ. ಕಣಶಿಲೆಯಲ್ಲಿ ಇದಕ್ಕೆ ಕೈಹಾಕಿದರೆ ಬಳ್ಳಿ ಮುರಿದೇ ಹೋದೀತು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಕುರುವತ್ತಿಯವರು ಅದಕ್ಕಿಂತ ಹಿರಿಯರು. ಆದರೂ ಮದನಿಕೆ ಎಂದೊಡನೆ ನಮ್ಮ ಬಾಯಿಗೆ ಬರುವುದು ಬೇಲೂರೇ. ಬಳ್ಳಾರಿ ಸೀಮೆಯ ಹಣೆಬರಹ!

ಕಲ್ಲಿನ ಸ್ವಭಾವ ಕೇಳಿಯೇ ಉಳಿ ಎತ್ತುವ ಈ ಕ್ರಮ ಹಳೆಯ ಕಾಲಕ್ಕೇ ಮುಗಿದಿಲ್ಲ. ಇಟಲಿಯ ಶಿಲ್ಪಿ ಜುಸೆಪ್ಪೆ ಪೆನೊನೆ 1969ರಿಂದ ಮರದ ತೊಲೆಗಳನ್ನು ಕೆತ್ತುತ್ತ ಬಂದಿದ್ದಾರೆ. ಒಂದು ವಾರ್ಷಿಕ ಉಂಗುರವನ್ನು ಜಾಡು ಹಿಡಿದು ಸುತ್ತಲಿನದನ್ನೆಲ್ಲ ಬಿಡಿಸಿದರೆ, ತೊಲೆಯೊಳಗೆ ಆ ಮರ ಎಳೆಯದಾಗಿದ್ದಾಗಿನ ಕಾಂಡ ಕೊಂಬೆಗಂಟುಗಳ ಸಮೇತ ಹೊರಬರುತ್ತದೆ. ಆಕಾರವನ್ನು ಮರವೇ ಕೊಡುತ್ತದೆ. ಅಂಥ ಕಲಾವಿದರ ಬಗ್ಗೆ ನಾಲ್ಕು ಭಾಷೆಯಲ್ಲಿ ಪುಸ್ತಕಗಳಿವೆ. ಕುರುವತ್ತಿಯ ಬಗ್ಗೆ ಪಕ್ಕದ ಜಿಲ್ಲೆಯವರಿಗೂ ಗೊತ್ತಿಲ್ಲ.

ಮೈಲಾರದ ಜಾತ್ರೆಯಲ್ಲಿ ಕಾರಣಿಕದ ಭವಿಷ್ಯನುಡಿ ಕೇಳಲು ಲಕ್ಷಾಂತರ ಜನ ಬರುತ್ತಾರೆ. ಕುರುವತ್ತಿ, ಹೊಳಲು ಎರಡೂ ಅದೇ ತಾಲ್ಲೂಕಿನಲ್ಲಿವೆ. ಬಂದವರು ಒಂದು ಹಗಲು ಹೆಚ್ಚಿಗೆ ಇಟ್ಟುಕೊಳ್ಳಿ. ಹಳೆಯ ಕೆತ್ತನೆಗೆ ಭಕ್ತಿಯಿಂದ ಎಣ್ಣೆ, ಬಣ್ಣ, ಸುಣ್ಣ ಬಳಿಯುವವರು ಕಂಡರೆ ದಯವಿಟ್ಟು ತಡೆಯಿರಿ.