30 ಸೆಕೆಂಡಿಗೊಂದು ಶಾಟ್

ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ಕೈಗಾರಿಕಾ ಪ್ರದೇಶದ ಒಳರಸ್ತೆ ಹೊಕ್ಕರೆ, ರಾತ್ರಿ ಹತ್ತು ಗಂಟೆಗೂ ಎಷ್ಟೋ ಶೆಡ್ಡುಗಳ ಷಟರ್ ಅರ್ಧ ಎತ್ತಿಯೇ ಇರುತ್ತದೆ. ಒಳಗೆ ಟ್ಯೂಬ್‌ಲೈಟಿನ ಬೆಳಕು, ಕಾದ ಪ್ಲಾಸ್ಟಿಕ್ಕಿನ ಮೂಗಿಗೆ ಅಂಟುವ ವಾಸನೆ, ಹೈಡ್ರಾಲಿಕ್ ಪಂಪಿನ ಎಡೆಬಿಡದ ಗೊರಗೊರ. ಆ ಗೊರಗೊರದ ನಡುವೆ 30 ಸೆಕೆಂಡಿಗೊಮ್ಮೆ ಒಂದು ಗಟ್ಟಿ ಸದ್ದು: ಡೈ ಮುಚ್ಚಿತು.

ಯಂತ್ರ 150 ಟನ್ನಿನದು. ಡೈನ, ಅಂದರೆ ಅಚ್ಚಿನ, ಎರಡು ಹೋಳುಗಳನ್ನು ಅಷ್ಟು ಬಲದಿಂದ ಅದುಮಿ ಹಿಡಿಯುತ್ತದೆ. ಹಾಪರಿಗೆ ಸುರಿದ ಪ್ಲಾಸ್ಟಿಕ್ ಕಾಳು ಬ್ಯಾರಲ್ಲಿಗಿಳಿದು, ತಿರುಗುವ ಸ್ಕ್ರೂವಿನ ಉಜ್ಜಾಟಕ್ಕೂ ಹೀಟರ್ ಪಟ್ಟಿಗಳ ಕಾವಿಗೂ ಕರಗಿ ಮುಂದುಗಡೆ ಶೇಖರವಾಗುತ್ತದೆ. ಸ್ಕ್ರೂ ಮುಂದಕ್ಕೆ ನುಗ್ಗಿದ್ದೇ ತಡ, ಚಕ್ಕುಲಿ ಒರಳಿನ ಹಿಟ್ಟಿನಂತೆ ಆ ಮಾಲು ಹೊರಟು ಡೈಯೊಳಗಿನ ಟೊಳ್ಳನ್ನು ತುಂಬುತ್ತದೆ. ಡೈನ ಮೈಯೊಳಗೆ ಹರಿಯುವ ತಣ್ಣೀರು ಅದನ್ನು ಗಟ್ಟಿ ಮಾಡುತ್ತದೆ. ಡೈ ತೆರೆಯುತ್ತದೆ, ಎಜೆಕ್ಟರ್ ಪಿನ್ನುಗಳು ತಳ್ಳುತ್ತವೆ, ಆಪರೇಟರ್ ಬಾಗಿಲು ಸರಿಸಿ ಕೈಯಿಟ್ಟು ಬಿಸಿ ಪೀಸನ್ನು ತೆಗೆದು ಬಾಗಿಲು ಮುಚ್ಚುತ್ತಾನೆ. ಇಷ್ಟಾದರೆ ಒಂದು ಶಾಟ್. ಎಲ್ಲೂ ನಿಲ್ಲದಿದ್ದರೆ ಗಂಟೆಗೆ 120 ಶಾಟ್, ಎಂಟು ಗಂಟೆಯ ಪಾಳಿಗೆ 960. ಮುಂದಿನದು ತಣಿಯುವಷ್ಟರಲ್ಲಿ ಹಿಂದಿನದಕ್ಕೆ ಅಂಟಿಬಂದ ರನ್ನರ್ ಕಡ್ಡಿ ಮುರಿದು, ಅಂಚಿನ ಫ್ಲ್ಯಾಶನ್ನು ಬ್ಲೇಡಿನಿಂದ ಹೆರೆದು, ಬೆಳಕಿಗೆ ಹಿಡಿದು ನೋಡಿ, ಕ್ರೇಟಿಗೆ ಹಾಕಿರಬೇಕು.

ಹಾಗೆ ಬೆಳಕಿಗೆ ಹಿಡಿದು ನೋಡುವುದರಲ್ಲಿಯೇ ಇದೆ ಕಸುಬು. ಮೂಲೆಯ ಯಂತ್ರದಲ್ಲಿ ನೈಲಾನ್ ಓಡುತ್ತಿದೆ. ರಾಯಚೂರು ಕಡೆಯ ಹುಡುಗ ಪೀಸನ್ನು ತಿರುಗಿಸಿ ನೋಡುತ್ತಾನೆ. ಮೈತುಂಬ ಬೆಳ್ಳಿ ಬಣ್ಣದ ಗೆರೆ.

"ಅಣ್ಣಾ, ಇದ್ಯಾಕ ಹಿಂಗ ಗೀಟು ಗೀಟು ಬರಾಕತ್ತೈತಿ?"

ಹಿರಿಯ ಆಪರೇಟರ್ ಪೀಸನ್ನು ನೋಡುವ ಮೊದಲೇ ಹಾಪರಿಗೆ ಅಂಗೈ ಒತ್ತುತ್ತಾನೆ. "ಮಾಲು ಒಣಗಿಲ್ಲ ಕಣೋ. ಹಾಪರಿನ ಹೀಟರ್ ಟ್ರಿಪ್ ಆಗಿದೆ ನೋಡು."

ನೈಲಾನ್ ಗಾಳಿಯ ತೇವ ಹೀರುವ ಮಾಲು. ಸುಮಾರು 80 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸದಿದ್ದರೆ ಆ ತೇವವೇ ಬ್ಯಾರಲ್ಲಿನಲ್ಲಿ ಆವಿಯಾಗಿ ಗೆರೆ ಬಿಡುತ್ತದೆ. ಪೀಸು ಅರ್ಧವೇ ತುಂಬಿದರೆ ಅದು ಶಾರ್ಟ್: ಒತ್ತಡ ಸಾಲದಿರಬಹುದು, ನಾಝಲ್ ಕಟ್ಟಿರಬಹುದು. ತುದಿ ಕಪ್ಪಾದರೆ, ಡೈಯೊಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಒತ್ತಿ ಕಾದು ಮಾಲನ್ನು ಸುಟ್ಟಿದೆ. ಇದನ್ನೆಲ್ಲ ಮೈಸೂರಿನ ಸಿಪೆಟ್‌ನಂಥ ಪ್ಲಾಸ್ಟಿಕ್ ತರಬೇತಿ ಸಂಸ್ಥೆಗಳು ಕಲಿಸುತ್ತವೆ. ಆದರೆ ಶೆಡ್ಡುಗಳಲ್ಲಿ ಅನೇಕರು ಪಕ್ಕದವರ ಕೈ ನೋಡುತ್ತಲೇ ಕಲಿತವರು. ಅಂಗೈಯಲ್ಲೇ ಕಾವಿನ ಲೆಕ್ಕ ಹಿಡಿಯುವ ಇವರಿಗೆ ಹೆಲ್ಪರ್ ಸಂಬಳ ಕೊಡುವುದು ಅನ್ಯಾಯ.

ಗೋಡೆಯಾಚೆ ಅಲ್ಯೂಮಿನಿಯಂ ಪ್ರೆಷರ್ ಡೈಕಾಸ್ಟಿಂಗ್. ಈ ಲೋಹ ಕರಗುವುದೇ 660 ಡಿಗ್ರಿಯಲ್ಲಿ. ಕುಲುಮೆಯ ಬಾಯಲ್ಲಿ ನಿಂತವನು ಲ್ಯಾಡಲ್ಲಿನಿಂದ ಮೊಗೆದು ಸುರಿಯುತ್ತಾನೆ, ಪ್ಲಂಜರ್ ರೆಪ್ಪೆ ಬಡಿಯುವಷ್ಟರಲ್ಲಿ ಅದನ್ನು ಡೈಗೆ ತಳ್ಳುತ್ತದೆ. ಡೈಗೆ ಸ್ಪ್ರೇ ಹೊಡೆದರೆ ಬಿಳಿ ಹಬೆ ಎದ್ದು ಸೂರಿಗೆ ಹತ್ತುತ್ತದೆ. ಇಲ್ಲಿನ ಸಪ್ಪಳದಲ್ಲಿ ಮಾತಿಲ್ಲ, ಬರೀ ಕೈಸನ್ನೆ. ಒದ್ದೆ ಲ್ಯಾಡಲ್ ಅದ್ದಿದರೆ ನೀರು ಒಮ್ಮೆಲೇ ಆವಿಯಾಗಿ ಕಾದ ಲೋಹವನ್ನು ಮುಖಕ್ಕೆ ಎರಚೀತು. ಹಾಗಾಗಿ ಅದ್ದುವ ಮುನ್ನ ಲ್ಯಾಡಲ್ಲನ್ನು ಕಾಯಿಸಿಕೊಳ್ಳುತ್ತಾರೆ.

ಬೆಳಗಿನ ಜಾವ ಮೂರರ ನಂತರ ಎರಡೂ ಶೆಡ್ಡುಗಳಲ್ಲಿ ಕಣ್ಣು ಎಳೆಯತೊಡಗುತ್ತದೆ. ಟಾರ್ಗೆಟ್ ಮಾತ್ರ ಇಳಿಯುವುದಿಲ್ಲ. ಬಾಗಿಲು ತೆರೆದರೆ ಡೈ ಮುಚ್ಚದಂತೆ ತಡೆಯುವುದು ಒಂದು ಸಣ್ಣ ಲಿಮಿಟ್ ಸ್ವಿಚ್. ಶಾಟಿಗೆ ಎರಡು ಸೆಕೆಂಡು ಉಳಿಯಲೆಂದು ಕೆಲವು ಕಡೆ ಅದಕ್ಕೆ ಟೇಪು ಸುತ್ತಿ, ಬಾಗಿಲು ತೆರೆದೇ ಓಡಿಸುವುದುಂಟು. ಆಗ ನಿದ್ದೆಗಣ್ಣಿನ ಕೈಗೂ 150 ಟನ್ನಿಗೂ ನಡುವೆ ಏನೂ ಇರುವುದಿಲ್ಲ. ಯಂತ್ರದ ಅಪಾಯಕಾರಿ ಭಾಗಗಳಿಗೆ ಕಾವಲು ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು.

ನೀವು ಮಾಲೀಕರಾಗಿರಿ, ಸೂಪರ್‌ವೈಸರ್ ಆಗಿರಿ, ಇಂದಿನ ಪಾಳಿ ಶುರುವಾಗುವ ಮುನ್ನ ಪ್ರತಿ ಯಂತ್ರದ ಬಾಗಿಲು ಸರಿಸಿ ಪರೀಕ್ಷಿಸಿ. ಬಾಗಿಲು ತೆರೆದಿದ್ದಾಗ ಡೈ ಅಲುಗಿದರೆ ಯಂತ್ರ ನಿಲ್ಲಿಸಿ. ಸ್ವಿಚ್ಚು ರಿಪೇರಿಯಾದ ಮೇಲಷ್ಟೇ ಆಪರೇಟರನ್ನು ಅದರ ಮುಂದೆ ನಿಲ್ಲಿಸಿ.